ಕಾಚು, ತುಪ್ಪ, ಒಂದು ಮೂಗು

ನಮ್ಮ ಮಂಡ್ಯದ ಕಡೆ ಮಕ್ಕಳನ್ನು ಹೆದರಿಸುವ ಮಾತೊಂದಿದೆ: "ಮೂಗು ಕುಯ್ದು ಕೈಗೆ ಕೊಟ್ಬುಡ್ತೀನಿ ನೋಡು." ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಗೆ ಹತ್ತಿರದ ಹಳ್ಳಿ ನಮ್ಮದು. ಹಿತ್ತಲಿನ ಸೀಬೆಕಾಯಿ ಕದ್ದಾಗ, ಶಾಲೆಗೆ ಚಕ್ಕರ್ ಹೊಡೆದಾಗ ಅವ್ವ ಈ ಮಾತನ್ನು ಎಷ್ಟು ಸಲ ಅಂದಿದ್ದಾಳೋ ಲೆಕ್ಕವಿಲ್ಲ. ಬೈಗುಳಕ್ಕೂ ಒಂದು ಇತಿಹಾಸ ಇರಬಹುದು ಅಂತ ನನಗೆ ಹೊಳೆದದ್ದು ಊರು ಬಿಟ್ಟು, ಪುಣೆಗೆ ಬಂದು, ಕಾತ್ರಜದಲ್ಲಿ ಮನೆ ಮಾಡಿ, ಮಗಳಿಗೆ ಹನ್ನೊಂದು ತುಂಬಿದ ಮೇಲೆ. ಅದೂ ಒಂದು ಮ್ಯೂಸಿಯಮ್ಮಿನ ದೆಸೆಯಿಂದ.

ಎರಡು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ಬೇಸಿಗೆ ರಜೆಗೆ ಹೆಂಡತಿ, ಮಗಳು ಬಂದರು. ಅರಮನೆ, ಸೇತುವೆ, ದೊಡ್ಡ ಚಕ್ರ ಎಲ್ಲ ಮುಗಿದ ಮೇಲೆ ಮಗಳು ಎಲ್ಲಿಂದಲೋ ಪತ್ತೆ ಮಾಡಿದ್ದು 'ಓಲ್ಡ್ ಆಪರೇಟಿಂಗ್ ಥಿಯೇಟರ್' ಎಂಬ ಜಾಗವನ್ನು. ಲಂಡನ್ ಬ್ರಿಜ್ ನಿಲ್ದಾಣದ ಹತ್ತಿರ ಹಳೆಯ ಸೇಂಟ್ ಥಾಮಸ್ ಚರ್ಚ್ ಇದೆ. ಅದರೊಳಗಿನ ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಒಟ್ಟು 52, ಏದುಸಿರು ಬಿಡುತ್ತ ಹತ್ತಿದರೆ ಅಟ್ಟದ ಮೇಲೆ 1822ರಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯ ಕೋಣೆ. ಪಕ್ಕದ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿದ್ದು ಅದು. 1862ರಲ್ಲಿ ಆಸ್ಪತ್ರೆ ಬೇರೆ ಕಡೆ ಹೋಯಿತು, ಅಟ್ಟ ಮುಚ್ಚಿತು, ಮತ್ತೆ ಅದರ ನೆನಪಾದದ್ದು 1956ರಲ್ಲಿ.

ನಡುವೆ ಒಂದು ಮರದ ಮೇಜು. ಸುತ್ತ ಕುದುರೆಲಾಳದ ಆಕಾರದಲ್ಲಿ, ಒಂದರ ಮೇಲೊಂದು ಸಾಲಾಗಿ ವಿದ್ಯಾರ್ಥಿಗಳು ನಿಂತು ನೋಡುವ ಕಟಕಟೆ. ಬೆಳಕಿಗೆ ಮೇಲೆ ಗಾಜಿನ ಮಾಡು, ರಕ್ತಕ್ಕೆ ಕೆಳಗೆ ಮರದ ಹೊಟ್ಟಿನ ಪೆಟ್ಟಿಗೆ. 1846ರ ತನಕ ಅರಿವಳಿಕೆ ಇರಲಿಲ್ಲ. ಉಳ್ಳವರಿಗೆ ಅವರವರ ಮನೆಯಲ್ಲೇ ಆಪರೇಷನ್. ಈ ಮೇಜಿನ ಮೇಲೆ ಮಲಗಿದವರು ಬಡ ಹೆಂಗಸರು. ಗೋಡೆಯ ಮೇಲೆ ಲ್ಯಾಟಿನ್ನಿನಲ್ಲಿ ಬರೆದಿದೆ, ಕರುಣೆಗಾಗಿಯೇ ಹೊರತು ಕಾಸಿಗಾಗಿ ಅಲ್ಲ ಅಂತ.

ಇಷ್ಟೆಲ್ಲ ಘೋರವಾದದ್ದನ್ನು ಅವರು ಮಕ್ಕಳ ಜಾತ್ರೆಯನ್ನಾಗಿ ಮಾಡಿದ್ದಾರೆ. ನಾವು ಹೋದ ದಿನ ಕಟಕಟೆಯ ತುಂಬ ಚಿಣ್ಣರು. ವಿವರಿಸುವಾಕೆ ಯಾರು ರೋಗಿ ಆಗ್ತೀರಿ ಅಂದಾಗ ಎಲ್ಲಕ್ಕಿಂತ ಎತ್ತರ ಎದ್ದದ್ದು ನನ್ನ ಮಗಳ ಕೈ. ಮೇಜಿನ ಮೇಲೆ ಮಲಗಿಸಿದರು. ಗರಗಸವನ್ನು ಅವಳ ಮೊಣಕಾಲಿನ ಹತ್ತಿರ ಹಿಡಿದು, ಒಳ್ಳೆಯ ಸರ್ಜನ್ ಆದರೆ ಎರಡು ನಿಮಿಷದೊಳಗೆ ಕಾಲು ಬೇರೆ ಮಾಡುತ್ತಿದ್ದ, ಆ ಹೊತ್ತಿಗೆ ವೇಗವೇ ಕರುಣೆ ಅಂತ ಹೇಳಿದರು. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಮಗಳು ಕಿಲಕಿಲ ನಗುತ್ತಿದ್ದಳು. ನನಗೆ ಮಾತ್ರ ಆ ಮೇಜಿನ ಮರದ ಮೇಲಿನ ಗೆರೆಗಳಿಂದ ಕಣ್ಣು ಕೀಳಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪ್ರಶ್ನೆ ಬಂತು. "ಅಪ್ಪಾ, ಆಗ ನಮ್ಮಲ್ಲಿ ಏನ್ ಮಾಡ್ತಿದ್ರು?"

ಎಲ್ಲ ಅಪ್ಪಂದಿರೂ ಹೇಳುವುದನ್ನೇ ಹೇಳಿದೆ. ಸುಶ್ರುತ. ಪ್ಲಾಸ್ಟಿಕ್ ಸರ್ಜರಿ. ಎರಡು ಸಾವಿರ ವರ್ಷದ ಹಿಂದೆಯೇ.

"ಅವನ ಮ್ಯೂಸಿಯಂ ಎಲ್ಲಿದೆ?"

ಉತ್ತರ ಇರಲಿಲ್ಲ. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಗ್ಲೌಸ್ ಹಾಕಿಸಿ ನಿಜವಾದ ಮನುಷ್ಯನ ಮೆದುಳನ್ನೇ ಕೈಗೆ ಕೊಡುತ್ತಾರೆ ಅಲ್ಲಿ. ನೋಡದವರು ಮಕ್ಕಳ ಜೊತೆ ಒಮ್ಮೆ ಹೋಗಿಬನ್ನಿ. ಮಗಳು ಅದನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೊರಗೆ ಬಂದ ಮೇಲೆ ಮಾತ್ರ, "ಚೆನ್ನಾಗಿತ್ತು. ಆದ್ರೆ ಇದು ಈಗಿಂದು. ಹಳೇದು ಎಲ್ಲಿ?" ಅಂದಳು.

ಹಳೆಯದು ಸಿಕ್ಕಿದ್ದು ಕಾತ್ರಜದ ನಮ್ಮ ಮನೆಯ ಊಟದ ಮೇಜಿನ ಮೇಲೆ, ರಾತ್ರಿ ಹನ್ನೊಂದರ ಮೇಲೆ, ಲ್ಯಾಪ್‌ಟಾಪಿನ ಪರದೆಯಲ್ಲಿ. ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಬಿ.ಎಲ್. ಎಂಬ ಅಂಕಿತದಲ್ಲಿ ಅಚ್ಚಾದ ಒಂದು ಕಾಗದ. ಪುಟ ದೊಡ್ಡದು ಮಾಡಿಕೊಂಡು ಓದುತ್ತಿದ್ದಂತೆ ಎರಡು ಊರ ಹೆಸರು ಕಂಡು ಬೆನ್ನು ನೆಟ್ಟಗಾಯಿತು. ಒಂದು ಶ್ರೀರಂಗಪಟ್ಟಣ. ಇನ್ನೊಂದು ಪುಣೆ. ನಾನು ಬಿಟ್ಟುಬಂದ ಊರು, ಸೇರಿದ ಊರು.

ಕಾಗದದ ವಿಷಯ ಇಷ್ಟು. ಕಾವಸ್ಜಿ ಎಂಬೊಬ್ಬ ಮರಾಠ ಒಕ್ಕಲಿಗ 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುವ ಕೆಲಸದಲ್ಲಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯವನ್ನು ಸೇರಿಕೊಂಡ. ಮುಂದೆ ಕಂಪನಿಯ ಪಿಂಚಣಿ ಸಿಕ್ಕಿತು. ಸುಮಾರು ಹನ್ನೆರಡು ತಿಂಗಳು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ.

ಕಾವಸ್ಜಿ ಅಂದರೆ ಪಾರ್ಸಿ ಹೆಸರು. ಒಕ್ಕಲು ಮಕ್ಕಳಲ್ಲಿ ಈ ಹೆಸರು ಎಲ್ಲಿಂದ ಬಂತು? ಶಿವಾಜಿಯ ಸರದಾರರಲ್ಲಿ ಕಾವಜಿ ಕೊಂಢಾಳಕರ್ ಅಂತ ಒಬ್ಬನಿದ್ದ. ನಮ್ಮವನೂ ಕಾವಜಿಯೇ ಇದ್ದಿರಬೇಕು, ಬೊಂಬಾಯಿಯ ಪಾರ್ಸಿಗಳ ಜೊತೆ ವ್ಯವಹಾರ ಮಾಡಿ ರೂಢಿಯಾದ ಇಂಗ್ಲಿಷ್ ಕಿವಿಗೆ ಕಾವಸ್ಜಿ ಎಂದು ಕೇಳಿಸಿರಬೇಕು ಅನ್ನುವುದು ನನ್ನ ಊಹೆ. ಇರಲಿ, ತಪ್ಪೋ ಸರಿಯೋ ಅವನಿಗೊಂದು ಹೆಸರಾದರೂ ಸಿಕ್ಕಿತು. ಈ ಚಿಕಿತ್ಸೆಯನ್ನು ಕಣ್ಣಾರೆ ನೋಡಿದ ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರೂ ಅಲ್ಲಿದೆ, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ. ಅಚ್ಚಿನಲ್ಲಿ ಫಿಂಡ್ಲೆ ಹೋಗಿ ಟ್ರಿಂಡ್ಲೆ ಆಗಿದೆ. ಚಿತ್ರ ಬರೆದವನು ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನವನು. ಪುಣೆಯ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ಮ್ಯಾಲೆಟ್ಟನ ಸ್ನೇಹಿತ. ನೋಡಿದವರು, ಬರೆದವರು, ಕೊರೆದವರು ಎಲ್ಲರ ಹೆಸರೂ ಉಳಿದಿದೆ. ಮೂಗು ಮಾಡಿದವನ ಹೆಸರಿಲ್ಲ. ಅವನು ಬರೀ ಇಟ್ಟಿಗೆ ಜಾತಿಯವನು. ಈ ಸೀಮೆಯಲ್ಲಿ ಗಡಿಗೆ ಮಾಡುವವರೂ ಇಟ್ಟಿಗೆ ಸುಡುವವರೂ ಒಬ್ಬರೇ. ಅಂದರೆ ಕುಂಬಾರ.

ಮಾಡಿದ ಬಗೆಯನ್ನು ಮಾತ್ರ ಬಿಡಿಸಿ ಬಿಡಿಸಿ ಬರೆದಿದ್ದಾರೆ. ಮೊದಲು ಮೇಣದ ತೆಳು ಹಾಳೆಯನ್ನು ಮೂಗಿನ ಮೋಟಿನ ಮೇಲೆ ಕೂರಿಸಿ, ನೋಡಲು ಲಕ್ಷಣವಾದ ಮೂಗಾಗುವಂತೆ ತಿದ್ದುವುದು. ಆ ಮೇಣವನ್ನು ಬಿಡಿಸಿ, ಚಪ್ಪಟೆ ಮಾಡಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮವನ್ನು ಎಬ್ಬಿಸುವುದು, ಆದರೆ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೇ ಬಿಡುವುದು. ಇತ್ತ ಮೋಟಿನ ಮಾಗಿದ ಗಾಯದ ಅಂಚನ್ನು ಹೆರೆದು ಮತ್ತೆ ಹಸಿ ಮಾಡುವುದು. ಅದರ ಹಿಂದೆಯೇ, ಮೇಲ್ದುಟಿಯ ತನಕ ಒಂದು ಸೀಳು. ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಚಿ ಕೆಳಕ್ಕೆ ತಂದು, ಅದರ ಅಂಚನ್ನು ಈ ಸೀಳಿನೊಳಗೆ ಕೂರಿಸುವುದು. ಹೊಲಿಗೆಯ ಮಾತಿಲ್ಲ. ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಪಟ್ಟಿಗಳಿಗೆ ಸವರಿ ಐದಾರು ಪದರ ಅಂಟಿಸುವುದು. ನಾಲ್ಕು ದಿನ ಅದೇ ಕಟ್ಟು. ಆಮೇಲೆ ಕಾಚು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆ ತುರುಕುವುದು. ಸುಮಾರು ಇಪ್ಪತ್ತೈದನೆಯ ದಿನ ಹುಬ್ಬಿನ ನಡುವೆ ಬಿಟ್ಟಿದ್ದ ಪಟ್ಟಿಯನ್ನು ಕತ್ತರಿಸುವುದು.

ಮರುದಿನ ಮಗಳಿಗೆ ಇದನ್ನೆಲ್ಲ ಓದಿ ಹೇಳಿದೆ. "ಕಾಚು ಅಂದ್ರೆ ಅಜ್ಜಿ ಎಲೆ ಅಡಿಕೆಗೆ ಹಾಕ್ಕೊಳ್ಳೋದಾ?" ಅಂದಳು. ಹೌದು, ಅದೇ. ಕಗ್ಗಲಿ ಮರದ ತಿರುಳನ್ನು ಕುದಿಸಿ ಬತ್ತಿಸಿದ್ದು. ಬಾಯಿ ಒಗರಾಗಿ ಬಿಗಿಯುತ್ತದಲ್ಲ, ಗಾಯವನ್ನೂ ಹಾಗೇ ಬಿಗಿಯುತ್ತದೆ.

ಆ ಹುಬ್ಬಿನ ನಡುವಿನ ಪಟ್ಟಿಯಲ್ಲೇ ಎಲ್ಲ ಇರುವುದು. ಚರ್ಮವನ್ನು ಪೂರ್ತಿ ಕಿತ್ತು ಬೇರೆ ಕಡೆ ಅಂಟಿಸಿದರೆ ರಕ್ತವಿಲ್ಲದೆ ಅದು ಕಪ್ಪಾಗಿ ಸಾಯುವ ಸಂಭವ ಹೆಚ್ಚು. ಹುಬ್ಬುಗಳ ನಡುವಿನಿಂದ ಹಣೆಗೆ ರಕ್ತನಾಳಗಳು ಹತ್ತುತ್ತವೆ. ಅಲ್ಲಿ ಒಂದು ಸೇತುವೆ ಉಳಿಸಿಕೊಂಡರೆ, ತಿರುಚಿ ಕೆಳಗಿಳಿಸಿದ ಚರ್ಮಕ್ಕೂ ರಕ್ತ ಬರುತ್ತಲೇ ಇರುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಹೊಸ ಜಾಗದಿಂದಲೂ ಸಣ್ಣ ನಾಳಗಳು ಬೆಳೆದು ಒಳಹೊಕ್ಕಿರುತ್ತವೆ. ಆಮೇಲೆ ಸೇತುವೆ ಕಡಿದರೂ ಮೂಗು ಬದುಕುತ್ತದೆ. ಇವತ್ತು ಚರ್ಮದ ಕ್ಯಾನ್ಸರ್ ಆಗಿ ಮೂಗು ತೆಗೆಸಿಕೊಂಡವರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವುದೂ ಇದೇ ಹಣೆಯ ಚರ್ಮದ ಕೆಲಸವನ್ನೇ. ಸೇತುವೆ ಕಡಿಯುವುದೂ ಹೆಚ್ಚು ಕಡಿಮೆ ಮೂರು ವಾರಕ್ಕೇ.

ಇನ್ನು ಸುಶ್ರುತನ ವಿಷಯ. ವಾಟ್ಸಾಪಿನಲ್ಲಿ ಬರುವ ಹಾಗೆ ಸಲೀಸಾಗಿಲ್ಲ ಅದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಮೂಗಿನ ವಿಚಾರ ಇರುವುದು ನಿಜ. ಆದರೆ ಅಲ್ಲಿ ಅಳತೆಗೆ ತೆಗೆದುಕೊಳ್ಳುವುದು ಎಲೆಯನ್ನು, ಚರ್ಮ ತೆಗೆಯುವುದು ಕೆನ್ನೆಯಿಂದ. ಪುಣೆಯವನದು ಮೇಣ, ಹಣೆ. ಹಣೆಯ ಚರ್ಮವೇ ಮೇಲು, ಅದು ದಪ್ಪ, ಬಣ್ಣವೂ ಹೊಂದುತ್ತದೆ ಎಂಬುದನ್ನು ನಡುವಿನ ಶತಮಾನಗಳಲ್ಲಿ ಯಾರೋ ಕೆಲಸ ಮಾಡುತ್ತ ಮಾಡುತ್ತ ಕಂಡುಕೊಂಡಿದ್ದಾರೆ. ಅವರು ಗ್ರಂಥ ಬರೆಯಲಿಲ್ಲ. ಸಂಸ್ಕೃತ ಓದಲು ಇವರನ್ನು ಯಾರೂ ಕೂರಿಸಿಕೊಳ್ಳುತ್ತಲೂ ಇರಲಿಲ್ಲ. ನಾವು ಹೆಮ್ಮೆಪಡುವಾಗ ಗ್ರಂಥದ ಹೆಸರು ಹೇಳುತ್ತೇವೆ, ಕೈಯ ಹೆಸರು ನಮಗೆ ಬೇಕಾಗಿಲ್ಲ.

ಕುಂಬಾರನೇ ಯಾಕೆ? ಚಿಕ್ಕಂದಿನಲ್ಲಿ ನಮ್ಮೂರ ಕುಂಬಾರಗೇರಿಯಲ್ಲಿ ಹೂಜಿಗೆ ಮೂತಿ ಅಂಟಿಸುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಅರ್ಧ ಒಣಗಿದ ಮಣ್ಣಿಗೆ ಮಣ್ಣು ಸುಮ್ಮನೆ ಅಂಟುವುದಿಲ್ಲ. ಎರಡೂ ಕಡೆ ಗೀರಿ ಒರಟು ಮಾಡಬೇಕು, ಹಸಿ ಮಾಡಬೇಕು, ಆಮೇಲೆ ಒತ್ತಬೇಕು. ಮಾಗಿದ ಗಾಯದ ಅಂಚನ್ನು ಹೆರೆದು ಹಸಿ ಮಾಡುವ ವಾಕ್ಯಕ್ಕೆ ಬಂದಾಗ ನನಗೆ ಕಂಡದ್ದು ಆ ಹೂಜಿಯ ಮೂತಿ. ಇದು ಇತಿಹಾಸವಲ್ಲ, ನನ್ನ ಲಹರಿ. ಆದರೆ ಮೇಣದಲ್ಲಿ ಮೊದಲು ಮೂಗಿನ ಆಕಾರ ಮಾಡಿ, ಅದನ್ನು ಚಪ್ಪಟೆ ಮಾಡಿದರೆ ಎಷ್ಟಗಲ ಆಗುತ್ತದೆ ಎಂದು ಅಳೆಯುವವನು ಆಕಾರಗಳ ಜೊತೆ ಬದುಕಿದವನೇ ಆಗಿರಬೇಕು.

ಇದು ಅಪರೂಪವಲ್ಲ, ಬಹುಕಾಲದಿಂದ ನಡೆದುಬಂದದ್ದು, ಬಹುತೇಕ ಯಶಸ್ವಿಯಾಗುತ್ತದೆ ಎಂದೂ ಆ ಕಾಗದ ಹೇಳುತ್ತದೆ. ಓದಿ ಮೊದಲು ಖುಷಿಯಾಯಿತು. ಆಮೇಲೆ ಮಲಗಿದರೆ ನಿದ್ದೆ ಬರಲಿಲ್ಲ. ಮೂಗು ಹಚ್ಚುವುದು ಇಷ್ಟು ರೂಢಿಯಲ್ಲಿರಬೇಕಾದರೆ ಮೂಗು ಕೊಯ್ಯುವುದು ಎಷ್ಟು ರೂಢಿಯಲ್ಲಿರಬೇಕು? ಒಂದು ಕುಲಕಸುಬೇ ನಡೆಯುವಷ್ಟು ಮೂಗುಗಳು ಎಲ್ಲಿಂದ ಬರುತ್ತಿದ್ದವು? ಯುದ್ಧ ಎಲ್ಲೋ ವರ್ಷಕ್ಕೊಮ್ಮೆ. ಕಳ್ಳತನಕ್ಕೆ ಶಿಕ್ಷೆಯಾಗಿ ಕೊಯ್ಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ನಡತೆಯ ಮೇಲೆ ಅನುಮಾನ ಬಂದ ಹೆಂಡತಿಯ ಮೂಗನ್ನು ಗಂಡ ಕೊಯ್ಯುತ್ತಿದ್ದ. ಇಂಗ್ಲಿಷ್ ವೈದ್ಯರು ಮುಂದಿನ ಶತಮಾನದ ತುಂಬ ಇಂಥ ಹೆಂಗಸರ ವಿಷಯ ಬರೆದಿದ್ದಾರೆ. ನಮಗೆ ಮೂಗೆಂದರೆ ಮಾನ. ಶೂರ್ಪನಖಿಯ ಪ್ರಸಂಗದಲ್ಲಿ ಲಕ್ಷ್ಮಣ ಕೊಯ್ದದ್ದೂ ಅದನ್ನೇ, ಬಯಲಾಟದಲ್ಲಿ ಅದಕ್ಕೆ ಚಪ್ಪಾಳೆ ಬೀಳುವುದನ್ನು ನಾನೇ ಕೇಳಿದ್ದೇನೆ, ನಾನೇ ತಟ್ಟಿದ್ದೇನೆ. ಕಾವಜಿಯ ಚಿತ್ರ ಬರೆಸಿದರು, ಸರಿ. ಆ ಕುಂಬಾರನ ಮುಂದೆ ಸೆರಗು ಮುಚ್ಚಿಕೊಂಡು ಬಂದು ಕೂತ ಹೆಂಗಸರದು ಒಂದು ಚಿತ್ರವೂ ಇಲ್ಲ.

ಈ ವಿಷಯ ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದಾಗ ನಮ್ಮ ಟೀಮಿನ ಮರಾಠಿ ಗೆಳೆಯ ನಕ್ಕು, "ನಿಮ್ಮ ಟಿಪ್ಪು ನಮ್ಮವನ ಮೂಗು ಕೊಯ್ದ, ನಾವು ಹಚ್ಚಿಕೊಟ್ಟೆವು" ಅಂದ. ನಾನೂ ನಕ್ಕೆ. ಆದರೂ ಮೂಗಿನ ತುದಿಯಲ್ಲಿ ಏನೋ ಚುರುಕ್ ಅಂದಿತು. ಅದೇ ಯುದ್ಧದಲ್ಲಿ, 1791ರಲ್ಲಿ, ಪಟವರ್ಧನರ ಕಡೆಯ ಮರಾಠ ಕುದುರೆ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿತು, ಮಠಕ್ಕೆ ನೆರವು ಕೊಟ್ಟು ಟಿಪ್ಪು ಕನ್ನಡದಲ್ಲಿ ಬರೆದ ಕಾಗದಗಳು ಇವತ್ತಿಗೂ ಇವೆ ಅಂದೆ. ಅವನಿಗೆ ಗೊತ್ತಿರಲಿಲ್ಲ. ಕಾವಜಿಯ ವಿಷಯ ನನಗೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲವಲ್ಲ.

ಹಾಗಂತ ಮೂಗು ಕೊಯ್ದದ್ದನ್ನು ಮುಚ್ಚಿಹಾಕುವ ಹಾಗಿಲ್ಲ. ಟಿಪ್ಪುವನ್ನು ಲಂಡನ್ನಿನಲ್ಲಿ ರಾಕ್ಷಸನೆಂದು ತೋರಿಸುವುದು 1794ರಲ್ಲಿ ಕಂಪನಿಗೆ ಬೇಕಾಗಿತ್ತು, ಆ ಚಿತ್ರ ಅದಕ್ಕೂ ಒದಗಿತು, ನಿಜ. ಆದರೆ ಕಾವಜಿಯ ಮುಖ ಸುಳ್ಳಲ್ಲ. ನಮ್ಮ ಸೀಮೆಯಲ್ಲಿ ಈ ಚಾಳಿ ಟಿಪ್ಪುವಿನಿಂದ ಶುರುವಾದದ್ದೂ ಅಲ್ಲ. 17ನೆಯ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ಸೈನ್ಯ ಮಧುರೆಯ ನಾಯಕರ ನಾಡಿಗೆ ನುಗ್ಗಿ ಸಿಕ್ಕಿದವರ ಮೂಗು ಕೊಯ್ಯಿತು. ತಿರುಮಲ ನಾಯಕನ ಕಡೆಯವರು ತಿರುಗಿಬಿದ್ದು ಮೈಸೂರಿಗರ ಮೂಗು ಕೊಯ್ದರು. ಅಲ್ಲಿದ್ದ ಜೆಸ್ಯೂಟ್ ಪಾದ್ರಿಗಳು ಇದನ್ನು ಬರೆದಿಟ್ಟಿದ್ದಾರೆ. ತಮಿಳಿನಲ್ಲಿ ಆ ಯುದ್ಧದ ಹೆಸರೇ 'ಮೂಕ್ಕರುಪ್ಪು ಪೋರ್', ಮೂಗು ಕೊಯ್ಯುವ ಯುದ್ಧ. ಅವ್ವನ ಬೈಗುಳ ಅಲ್ಲಿಂದಲೇ ಬಂತೋ ಇಲ್ಲವೋ, ಅದನ್ನು ಕೇಳಿದಾಗ ಈಗ ನನಗೆ ನಗು ಬರುವುದಿಲ್ಲ.

ಎತ್ತಿನವನನ್ನೇ ಯಾಕೆ ಹಿಡಿದು ಕೊಯ್ದರು ಅನ್ನುವುದಕ್ಕೆ ಉತ್ತರ ನಮ್ಮೂರ ಬಯಲಿನಲ್ಲೇ ಇದೆ. 1791ರ ಮೇ 15ರಂದು ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಟಿಪ್ಪುವಿನ ಸೈನ್ಯವನ್ನು ಸೋಲಿಸಿದ. ಗೆದ್ದವನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಬೇಕಾಗಿತ್ತು. ಹಾಕಲಿಲ್ಲ, ಹಿಂದಕ್ಕೆ ಹೋದ. ಕಾರಣ, ಎತ್ತುಗಳು ಸತ್ತಿದ್ದವು, ದವಸ ಇರಲಿಲ್ಲ. ಕೋಟೆ ಒಡೆಯಲು ತಂದಿದ್ದ ದೊಡ್ಡ ತೋಪುಗಳನ್ನು ಎಳೆಯುವವರಿಲ್ಲದೆ ತಾನೇ ಒಡೆದುಹಾಕಿ ಹೋದ. ಮಾರನೆಯ ವರ್ಷ ಎತ್ತು ಹೊಂದಿಸಿಕೊಂಡು ಬಂದ, ಗೆದ್ದ, 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ. ಅಂದರೆ ಆ ಯುದ್ಧವನ್ನು ನಡೆಸಿದ್ದು ಎತ್ತು. ಎತ್ತಿನವನ ಮೂಗು ಕೊಯ್ದು ಕಳಿಸಿದರೆ ಅವನನ್ನು ನೋಡಿದ ಉಳಿದ ಎತ್ತಿನವರು ರಾತ್ರೋರಾತ್ರಿ ಊರು ಸೇರುತ್ತಾರೆ ಎಂಬ ಲೆಕ್ಕ ಇದ್ದಿರಬೇಕು. ದಿನಗೂಲಿಗೆ ಹೋದವನು, ಯಾರ ಸಿಂಹಾಸನವಾದರೆ ಅವನಿಗೇನು?

ಚಿತ್ರ ಬರೆದದ್ದು 1794ರ ಜನವರಿಯಲ್ಲಿ, ಚಿಕಿತ್ಸೆಯಾಗಿ ಹತ್ತು ತಿಂಗಳ ಮೇಲೆ. ಪರದೆಯ ಮೇಲೆ ಅದನ್ನು ನೋಡುತ್ತ ಕೂತಿದ್ದೇನೆ. ಹೊಸ ಮೂಗು ನಿಜವಾದ ಮೂಗಿನ ಹಾಗೆಯೇ ಇದೆ. ಹಣೆಯ ಮೇಲೆ ಗಾಯದ ಕಲೆ. ಪಕ್ಕದಲ್ಲಿ ಮೇಣದ ಹಾಳೆಯ ಆಕಾರ ಬರೆದು ತೋರಿಸಿದ್ದಾರೆ. ಕಳೆದುಹೋದ ಕೈಯ ಮಾತು ಇಡೀ ಕಾಗದದಲ್ಲಿ ಒಂದೇ ಸಲ ಬರುತ್ತದೆ, ಮತ್ತೆ ಇಲ್ಲ. ಅದನ್ನು ಮಾಡಿಕೊಡುವ ಕುಂಬಾರ ಎಲ್ಲೂ ಇರಲಿಲ್ಲ. ಎತ್ತಿನ ಮೂಗುದಾರ ಹಿಡಿಯಲು ಬೇಕಾದದ್ದು ಅದೇ ಆಗಿತ್ತು.

ಲಂಡನ್ನಿನಲ್ಲಿ ಆ ಪುಟಗಳನ್ನು ಓದಿದವರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಒಬ್ಬ. ಇಪ್ಪತ್ತು ವರ್ಷ ಹೆಣಗಳ ಮೇಲೆ ಕೈ ಪಳಗಿಸಿಕೊಂಡು 1814ರ ಅಕ್ಟೋಬರ್ 23ರಂದು, ಚೆಲ್ಸಿಯ ಆಸ್ಪತ್ರೆಯೊಂದರಲ್ಲಿ, ಒಬ್ಬ ಸೈನ್ಯಾಧಿಕಾರಿಗೆ ಹೀಗೆ ಮೂಗು ಮಾಡಿದ. ಕಾಲು ಗಂಟೆಯ ಕೆಲಸ. ಅರಿವಳಿಕೆ ಬರಲು ಇನ್ನೂ ಮೂವತ್ತೆರಡು ವರ್ಷ. ಅವನ ಎರಡನೆಯ ರೋಗಿ ಕ್ಯಾಪ್ಟನ್ ಲೇಥಮ್. 1811ರಲ್ಲಿ ಸ್ಪೇನಿನ ಆಲ್ಬುಯೆರಾದಲ್ಲಿ ಪಡೆಯ ಬಾವುಟ ಬಿಡದೆ ಹೋರಾಡಿ ಮೂಗಿನ ಭಾಗವನ್ನೂ ಒಂದು ತೋಳನ್ನೂ ಕಳೆದುಕೊಂಡಿದ್ದವನು. ಕಾವಜಿಯ ಹಾಗೆಯೇ ಮೂಗು ಒಂದು, ಕೈ ಒಂದು. ಲೇಥಮ್ಮನ ಚಿಕಿತ್ಸೆಯ ಖರ್ಚು ಯುವರಾಜನೇ ಕೊಟ್ಟ, ಅವನ ಪಡೆ ಚಿನ್ನದ ಪದಕ ಮಾಡಿಸಿ ಕೊಟ್ಟಿತು. ಕಾರ್ಪ್ಯೂ 1816ರಲ್ಲಿ ಎರಡೂ ಆಪರೇಷನ್ನಿನ ಮೇಲೆ ಪುಸ್ತಕ ತಂದ. ಎರಡು ವರ್ಷಕ್ಕೆ ಜರ್ಮನಿಯ ಗ್ರೇಫೆ ಇನ್ನೊಂದು ಪುಸ್ತಕ ತಂದ. ಅಲ್ಲಿಂದ ಮುಂದಿನದು ಎಲ್ಲ ವೈದ್ಯಕೀಯ ಪಠ್ಯಗಳಲ್ಲೂ ಇದೆ. ಯುರೋಪು ಇದಕ್ಕೆ 'ಇಂಡಿಯನ್ ವಿಧಾನ' ಅಂತ ಹೆಸರಿಟ್ಟಿತು. ಇಡೀ ದೇಶದ ಹೆಸರು ಬಂತು, ಮಾಡಿದವನದು ಬರಲಿಲ್ಲ.

ಹೋದ ದೀಪಾವಳಿಗೆ ಎರಡು ವಾರ ಮುಂಚೆ, ಒಂದು ಭಾನುವಾರ ಮಗಳಿಗೆ ಹೇಳಿದೆ: "ಬಾ, ಹಳೇದು ತೋರಿಸ್ತೀನಿ." ಮ್ಯೂಸಿಯಂ ಇಲ್ಲ, ಊರೇ ಮ್ಯೂಸಿಯಂ ಅಂತ ಧೈರ್ಯ ಮಾಡಿದ್ದೆ. ಕಾತ್ರಜದ ಕೆರೆಯಿಂದ ಶುರು ಮಾಡಿದೆವು. ಪ್ರಾಣಿ ಸಂಗ್ರಹಾಲಯಕ್ಕೆ ಬರುವ ಜನ ಇದನ್ನು ದೋಣಿ ವಿಹಾರದ ಕೆರೆ ಅಂದುಕೊಂಡಿರುತ್ತಾರೆ. 18ನೆಯ ಶತಮಾನದ ನಡುವೆ ಪೇಶ್ವೆ ನಾನಾಸಾಹೇಬ ಇಲ್ಲಿ ಕಟ್ಟೆ ಕಟ್ಟಿಸಿ, ನೆಲದೊಳಗಿನ ಕಲ್ಲಿನ ಕಾಲುವೆಯಲ್ಲಿ ನೀರನ್ನು ಶನಿವಾರವಾಡೆಯ ತನಕ ಹರಿಸಿದ್ದ. ಪೇಟೆಯ ಹಲವು ಹೌದುಗಳಿಗೆ ಇದೇ ನೀರು. ಕಾವಜಿ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಪುಣೆ ಕುಡಿಯುತ್ತಿದ್ದದ್ದು ನಮ್ಮ ಕಾತ್ರಜದ ನೀರು. ಮಗಳು ಕಟ್ಟೆಯ ಮೇಲೆ ನಿಂತು, "ಸರಿ, ಇದು ಒಂದನೇ ಕೋಣೆ" ಅಂದಳು.

ಎರಡನೆಯ ಕೋಣೆಗೆ ಸ್ವಾರಗೇಟಿನ ತನಕ ಬಸ್ಸು, ಅಲ್ಲಿಂದ ಮೆಟ್ರೊ. ಶನಿವಾರವಾಡೆಯ ಬಾಗಿಲಲ್ಲಿ ನಿಂತು, ವೇಲ್ಸ್ ಇಲ್ಲಿ ಸವಾಯಿ ಮಾಧವರಾಯ ಮತ್ತು ನಾನಾ ಫಡ್ನವೀಸರ ಚಿತ್ರ ಬರೆದದ್ದು, ಇಲ್ಲೇ ಒಂದು ಚಿತ್ರಶಾಲೆ ನಡೆದದ್ದು, ಗಂಗಾರಾಮ ತಾಂಬಟ ಎಂಬ ಹುಡುಗ ಅಲ್ಲಿ ಕಲಿತದ್ದು ಎಲ್ಲ ಹೇಳಿದೆ. ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಪುಣೆಯಲ್ಲಿ ವೈದ್ಯಕೀಯದ ಇತಿಹಾಸ ಅಂದರೆ ಜನಕ್ಕೆ ನೆನಪಾಗುವುದು 1897ರ ಪ್ಲೇಗು, ರ‍್ಯಾಂಡನ ಕೊಲೆ, ಚಾಪೇಕರ್ ಸಹೋದರರು. ಅದಕ್ಕೆ ಪುತ್ಥಳಿಗಳಿವೆ, ಸಿನಿಮಾ ಇದೆ. ಮೂಗಿಗೆ ಏನೂ ಇಲ್ಲ.

ಕಸಬಾ ಪೇಠೆಯ ಕುಂಭಾರವಾಡದಲ್ಲಿ ಮಾತ್ರ ಅವಳ ಕಣ್ಣು ಅರಳಿತು. ಬೀದಿಯ ಎರಡೂ ಬದಿ ಹಣತೆಯ ರಾಶಿ, ಮಕ್ಕಳು ಕಟ್ಟುವ ದೀಪಾವಳಿಯ ಕೋಟೆಗೆ ಮಣ್ಣಿನ ಶಿವಾಜಿ, ಮಾವಳೆಗಳು. ಒಬ್ಬ ವಯಸ್ಸಾದ ಹೆಂಗಸು ಹಣತೆಯ ಮೂತಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಳು. ನನ್ನ ಹರಕು ಮರಾಠಿಯಲ್ಲಿ ಕೇಳಿದೆ, ಹಿಂದೆ ಪುಣೆಯ ಹತ್ತಿರ ಕುಂಬಾರರು ಮೂಗು ಮಾಡುತ್ತಿದ್ದರಂತೆ, ಮನುಷ್ಯರಿಗೆ, ಗೊತ್ತಾ ಆಜಿ? ಅವಳಿಗೆ ನಾನು ಗಣಪತಿಯ ಸೊಂಡಿಲಿನ ವಿಷಯ ಕೇಳುತ್ತಿದ್ದೇನೆ ಅನ್ನಿಸಿತು. ಮಗಳು ಅಚ್ಚುಕಟ್ಟು ಮರಾಠಿಯಲ್ಲಿ ಬಿಡಿಸಿ ಹೇಳಿದಳು, ಮೇಣ, ಹಣೆ, ಕಾಚು, ತುಪ್ಪ. ಆಜಿ ಕುಂಚ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. "ಹೆಸರೇನು ಅವನದು?" ಅಂದಳು. ಬರೆದಿಟ್ಟಿಲ್ಲ ಅಂದೆವು. "ಹೂಂ" ಅಂದು ಕುಂಚ ಎತ್ತಿಕೊಂಡಳು. ಎರಡು ಡಜನ್ ಹಣತೆ ಕೊಂಡೆವು, ಒಂದು ಹೆಚ್ಚಿಗೆ ಹಾಕಿದಳು.

ಆ ರಾತ್ರಿ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಾಗ ಮಗಳು ಒಂದು ಉಂಡೆ ಹಿಟ್ಟು ಎತ್ತಿಕೊಂಡು ಬಂದಳು. ನನ್ನನ್ನು ಸೋಫಾದ ಮೇಲೆ ಅಂಗಾತ ಮಲಗಿಸಿ, ಹಿಟ್ಟನ್ನು ತೆಳ್ಳಗೆ ಮಾಡಿ ಮೂಗಿನ ಮೇಲೆ ಒತ್ತಿದಳು, ಹೊಳ್ಳೆಗಳ ಸುತ್ತ ಉಗುರಿನಿಂದ ತಿದ್ದಿದಳು, ಬಿಡಿಸಿದಳು, ತಟ್ಟೆಯ ಬೆನ್ನ ಮೇಲೆ ಚಪ್ಪಟೆ ಮಾಡಿದಳು. ನಾನು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿತ್ತು, ಮೂರು ಎಸಳಿನ ಎಲೆಯಂತೆ. ಅದನ್ನು ತಲೆಕೆಳಗು ಮಾಡಿ ನನ್ನ ಹಣೆಯ ಮೇಲಿಟ್ಟು ಬಾಲ್ ಪೆನ್ನಿನಿಂದ ಸುತ್ತ ಗೆರೆ ಎಳೆಯತೊಡಗಿದಳು. ಪೆನ್ನು ತಣ್ಣಗಿತ್ತು. ಹುಬ್ಬುಗಳ ನಡುವೆ ಬಂದಾಗ ನಿಲ್ಲಿಸಿ, "ಇಲ್ಲಿ ಕಟ್ ಮಾಡಂಗಿಲ್ಲ ಅಲ್ವಾ?" ಅಂದಳು.

"ಇಲ್ಲ. ಇಪ್ಪತ್ತೈದು ದಿನ."

"ನೋವಾಗ್ತಾ ಇದ್ರೂ ಅಲ್ಲಾಡಂಗಿಲ್ಲ."

"ಅಲ್ಲಾಡಂಗಿಲ್ಲ."

ಲಂಡನ್ನಿನ ಮೇಜಿನ ಮೇಲೆ ನಕ್ಕಿದ್ದವಳು ಈಗ ನಗುತ್ತಿರಲಿಲ್ಲ. ಎಡಗೈಯಿಂದ ನನ್ನ ಕಣ್ಣು ಮುಚ್ಚಿ, ಉಳಿದ ಗೆರೆಯನ್ನು ನಿಧಾನವಾಗಿ ಕೂದಲಿನ ತನಕ ಎಳೆದಳು. ಸೋಮವಾರ ಬೆಳಿಗ್ಗೆ ಎಷ್ಟು ಸೋಪು ಹಚ್ಚಿದರೂ ಅದು ಪೂರ್ತಿ ಹೋಗಲಿಲ್ಲ. ಆಫೀಸಿನ ಲಿಫ್ಟಿನಲ್ಲಿ ಮರಾಠಿ ಗೆಳೆಯ ನನ್ನ ಹಣೆಯನ್ನೇ ನೋಡಿ, ಇದೇನು ಅಂದ. ಹನ್ನೆರಡನೆಯ ಮಹಡಿ ಬರುವ ತನಕ ಹೇಳುತ್ತಲೇ ಇದ್ದೆ.